ಸೂರ್ಯ 'ಸೂಯರ್' ಆದಾಗ

ಹೋದ ವಾರ ಒಂದು ಕನ್ನಡ ಇ-ಪುಸ್ತಕ ಕೊಂಡೆ. ಅಚ್ಚಿನ ಪ್ರತಿಗಿಂತ ಬರೀ 20 ರೂಪಾಯಿ ಕಡಿಮೆ. ಕಾಗದ ಇಲ್ಲ, ಅಂಚೆ ಖರ್ಚಿಲ್ಲ, ಆದರೂ! (ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇದಕ್ಕೆ ಇದೆ.) ಹೋಗಲಿ ಅಂತ ತೆರೆದರೆ, ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಈಗಿನ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಿರುಗಿಸಿ ಯಾರೂ ಒಮ್ಮೆಯೂ ಓದಿ ನೋಡಿಲ್ಲ ಅನ್ನೋದು ಮೊದಲ ಪುಟದಲ್ಲೇ ಗೊತ್ತಾಯಿತು. ಅರ್ಕಾವತ್ತೆಲ್ಲ ಅಡ್ಡಾದಿಡ್ಡಿ, 'ಸೂರ್ಯ' ಹೋಗಿ 'ಸೂಯರ್'. ಟೆಲಿಗ್ರಾಂನಲ್ಲಿ ಓಡಾಡುವ ಕದ್ದ ಪಿಡಿಎಫ್‌ನಲ್ಲಿ ಪುಟ ವಾಲಿರುತ್ತದೆ, ಯಾರದೋ ಹೆಬ್ಬೆರಳೂ ಕಾಣುತ್ತದೆ, ಆದರೆ ಸೂರ್ಯ ಸೂರ್ಯನಾಗಿಯೇ ಇರುತ್ತಾನೆ. ಕದಿಯೋದು ತಪ್ಪೇ, ಬರೆದವರಿಗೆ ಬಿಡಿಗಾಸೂ ಸಿಗೋಲ್ಲ. ಆದರೆ ದುಡ್ಡು ಕೊಟ್ಟವನಿಗೇ ಕೆಟ್ಟ ಪ್ರತಿ ಸಿಗೋದು ಯಾವ ನ್ಯಾಯ? ನಾನಂತೂ ಕೊನೆಗೆ ಅಚ್ಚಿನದ್ದನ್ನೇ ತರಿಸಿಕೊಂಡೆ.