ಹಗ್ಗ ಎಳೆದುಕೊಂಡ ಮೇಲೆ

ಅಮೆರಿಕದ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನದ ಪೂರ್ವ ಭಾಗದಲ್ಲಿ ಕೀಹೋಲ್ ಎಂಬ ಕಿರಿದಾದ ಕೊರಕಲು ಇದೆ. 1930ರಲ್ಲಿ ತೆರೆದ ಝಯಾನ್–ಮೌಂಟ್ ಕಾರ್ಮೆಲ್ ಹೆದ್ದಾರಿಗೆ ಅದು ತೀರ ಹತ್ತಿರದಲ್ಲಿದ್ದರೂ ಕಾರಿನಲ್ಲಿ ಹಾದುಹೋಗುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಬಂಡೆಗಳ ನಡುವೆ ಮುಚ್ಚಿಹೋದಂತಿರುವ ಈ ಸೀಳಿನಲ್ಲಿ ಕೆಲವೆಡೆ ಎರಡೂ ಭುಜಗಳು ಒಟ್ಟಿಗೆ ಹಿಡಿಸುವುದಿಲ್ಲ. ಇಳಿಯಲು ಹಗ್ಗ ಬೇಕು, ಈಜು ಬರಬೇಕು, ಮುಂಚಿತವಾಗಿ ಪರ್ಮಿಟ್ ಪಡೆದಿರಬೇಕು. ಕಳೆದ ಅಕ್ಟೋಬರಿನಲ್ಲಿ ನಾವು ಐವರು ಗೆಳೆಯರು ಅಲ್ಲಿಗೆ ಇಳಿದೆವು. ನಮ್ಮಲ್ಲಿ ಒಬ್ಬನು ಇಲಕಲ್ಲಿನವನು, ಬಾದಾಮಿಯ ಬಂಡೆಗಳ ಮೇಲೆ ಹತ್ತುವುದನ್ನು ಕಲಿತವನು; ಹಗ್ಗದ ಉಸ್ತುವಾರಿಯೆಲ್ಲ ಅವನದೇ. ಇನ್ನೊಬ್ಬನು ಉಡುಪಿಯ ಕಡೆಯವನು. ಗುಂಪಿನಲ್ಲಿದ್ದ ಏಕೈಕ ಹೆಂಗಸು ಮೈಸೂರಿನವರು, ನಮ್ಮೆಲ್ಲರಿಗಿಂತ ಹೆಚ್ಚು ಕಣಿವೆಗಳನ್ನು ಕಂಡವರು. ಉಳಿದವರು ನಾನು ಮತ್ತು ನನ್ನ ಸಹೋದ್ಯೋಗಿ, ಅವರ ಮಾತು ಕೇಳಿಕೊಂಡು ನಡೆಯುವವರು.

ಪರ್ಮಿಟ್ ಕೊಡುವ ಕೌಂಟರಿನಲ್ಲಿ ಆ ದಿನದ ಹಠಾತ್ ಪ್ರವಾಹದ ಮುನ್ಸೂಚನೆಯನ್ನು ಹಾಕಿರುತ್ತಾರೆ. ಹವಾಮಾನ ಇಲಾಖೆ ಅದನ್ನು ನಾಲ್ಕು ದರ್ಜೆಗಳಲ್ಲಿ ಹೇಳುತ್ತದೆ: ನಿರೀಕ್ಷೆಯಿಲ್ಲ, ಆಗಬಹುದು, ಆಗುವ ಸಂಭವ ಹೆಚ್ಚು, ಆಗಿಯೇ ಆಗುತ್ತದೆ. ಅಂದು ಮೊದಲನೆಯ ದರ್ಜೆಯಿತ್ತು. ಅಲ್ಲಿನ ಸಿಬ್ಬಂದಿ ನೀರು ಎಷ್ಟು ತಣ್ಣಗಿರುತ್ತದೆ, ಯಾವ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಉಡುಪು) ತಂದಿದ್ದೀರಿ, ಎಲ್ಲರಿಗೂ ಹೆಲ್ಮೆಟ್ ಇದೆಯೇ ಎಂದು ವಿಚಾರಿಸಿದರೇ ಹೊರತು, ಹೋಗಿ ಎಂದಾಗಲೀ ಬೇಡ ಎಂದಾಗಲೀ ಹೇಳಲಿಲ್ಲ. ನಿಮ್ಮ ಸುರಕ್ಷತೆ ನಿಮ್ಮದೇ ಹೊಣೆ ಎಂಬುದು ಅಲ್ಲಿನ ನಿಯಮ. ಇದೇನು ಸರ್ಕಾರ ಕೈತೊಳೆದುಕೊಳ್ಳುವ ಬಗೆಯೇ ಎಂದು ನನಗೆ ಮೊದಲು ಅನಿಸಿತ್ತು. 2015ರ ಸೆಪ್ಟೆಂಬರ್ 14ರಂದು ಇದೇ ಕೀಹೋಲಿನಲ್ಲಿ ಏಳು ಮಂದಿ ಕೊಚ್ಚಿಹೋಗಿ ಸತ್ತರು. ಅವರೂ ಪರ್ಮಿಟ್ ಪಡೆದಿದ್ದರು, ಪ್ರವಾಹದ ಸಂಭವವಿದೆ ಎಂಬುದನ್ನೂ ಅವರಿಗೆ ಹೇಳಲಾಗಿತ್ತು. ಅವರನ್ನು ಅವಿವೇಕಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಂಥ ಎಚ್ಚರಿಕೆಯಿದ್ದ ಎಷ್ಟೋ ದಿನಗಳಲ್ಲಿ ಏನೂ ಆಗದೆ ಹೊರಬಂದವರು ಬಹಳ ಮಂದಿ ಇದ್ದಿರಬೇಕು, ಮತ್ತು ಹಾಗೆ ಹೊರಬಂದವರಿಗೆ ತಮ್ಮ ತೀರ್ಮಾನ ಸರಿಯಿತ್ತು ಎಂದೇ ತೋರಿರಬೇಕು.

ಹೆದ್ದಾರಿಯ ಸುರಂಗ ದಾಟಿ, ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಮರಳಿನ ಹಳ್ಳದಲ್ಲಿ ಸ್ವಲ್ಪ ದೂರ ನಡೆದು, ಬೋಳು ಬಂಡೆಯ ಇಳಿಜಾರು ಹತ್ತಿ ದಿಣ್ಣೆಯ ಮೇಲೆ ನಿಂತೆವು. ಸುತ್ತಲೂ ಪಾಂಡರೋಸಾ ಪೈನ್ ಮರಗಳು ಬಂಡೆಯ ಬಿರುಕುಗಳಲ್ಲಿ ಬೇರೂರಿದ್ದವು. ಮಣ್ಣೆಂಬುದು ಅಲ್ಲಿ ಹೆಸರಿಗಷ್ಟೇ ಇದೆ. ಈ ಬಂಡೆಗಳ ಮೇಲೆ ಬಿದ್ದ ಮಳೆ ಇಂಗುವುದೇ ಇಲ್ಲ ಎನ್ನಬೇಕು. ಬಿದ್ದ ನೀರೆಲ್ಲ ಕೆಲವೇ ನಿಮಿಷಗಳಲ್ಲಿ ಜಾರಿ ಸೀಳುಗಳಿಗೆ ಸೇರುತ್ತದೆ, ಸೀಳು ಎಷ್ಟು ಕಿರಿದೋ ನೀರು ಅಷ್ಟು ಬೇಗ ಮೇಲೇರುತ್ತದೆ. ಆದ್ದರಿಂದ ತಲೆಯ ಮೇಲೆ ನೀಲಿ ಆಕಾಶವಿದ್ದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ, ನೀರು ಹರಿದುಬರುವ ದಿಕ್ಕಿನಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ಅಂದು ನೈಋತ್ಯದಲ್ಲಿ ಒಂದು ಮೋಡವಿತ್ತು, ದೊಡ್ಡದೇನಲ್ಲ. ಮೈಸೂರಿನವರು ಬೆನ್ನಿನ ಚೀಲ ಇಳಿಸಿ ಬಂಡೆಯ ಮೇಲೆ ಕುಳಿತರು.

“ಅದು ಎತ್ತ ಹೋಗತ್ತೆ ನೋಡೋಣ. ಅಲ್ಲಿವರೆಗೂ ನಾನು ಇಳಿಯೋದಿಲ್ಲ.”

“ಅದು ಮಳೆ ಮೋಡ ಅಲ್ಲ ಮಾರಾಯ್ತಿ,” ಎಂದ ಉಡುಪಿಯವನು. “ಮೂರು ತಿಂಗಳು ಮಳೆ ನೋಡಿಯೇ ಬೆಳೆದವ ನಾನು. ನನಗೆ ಗೊತ್ತಾಗುದಿಲ್ವಾ?”

“ಆಗುಂಬೆ ಮೋಡ ನಿನಗೆ ಗೊತ್ತಿರಬಹುದು. ಇದು ಯೂಟಾದ್ದು.”

ಒಬ್ಬರು ಬೇಡವೆಂದರೆ ಯಾರೂ ಇಳಿಯುವಂತಿಲ್ಲ ಎಂಬ ಒಪ್ಪಂದ ನಮ್ಮಲ್ಲಿ ಮೊದಲೇ ಆಗಿತ್ತು. ಕಾರಣ ಕೊಡಬೇಕೆಂಬ ಷರತ್ತೂ ಇರಲಿಲ್ಲ. ಹಾಗಾಗಿ ಎಲ್ಲರೂ ಕುಳಿತೆವು. ಚಕ್ಕುಲಿಯ ಡಬ್ಬಿ ಹೊರಬಂದಿತು. ನಮ್ಮ ಹಿಂದೆ ಬಂದ ಇನ್ನೊಂದು ಗುಂಪು ನಮಸ್ಕಾರ ಹೇಳಿ ನಮ್ಮನ್ನು ದಾಟಿಕೊಂಡು ಇಳಿದುಹೋದಾಗ ಉಡುಪಿಯವನ ಮುಖ ನೋಡುವಂತಿತ್ತು. ಮೋಡ ಮುಕ್ಕಾಲು ಗಂಟೆಯಲ್ಲಿ ತೆಳುವಾಗುತ್ತ ಕರಗಿತು, ಮಳೆ ಬರಲಿಲ್ಲ.

ಒಳಗಿನ ಮಾತಿಗೆ ಬರುತ್ತೇನೆ. ಕೀಹೋಲಿನ ಹಗ್ಗದ ಇಳಿತಗಳು ಮೂರೇ, ಯಾವುದೂ ಹೆಚ್ಚೆಂದರೆ 30 ಅಡಿಯ ಆಸುಪಾಸಿನವು. ಬಂಡೆಗೆ ಹೂಡಿರುವ ಬೋಲ್ಟಿನ ಉಂಗುರದೊಳಗೆ ಹಗ್ಗವನ್ನು ಪೋಣಿಸಿ, ಎರಡೂ ತುದಿಗಳು ಕೆಳಗೆ ಮುಟ್ಟಿವೆಯೆಂದು ಖಚಿತಪಡಿಸಿಕೊಂಡು, ಒಬ್ಬೊಬ್ಬರಾಗಿ ಇಳಿಯುತ್ತೇವೆ. ಮೊದಲು ಇಳಿದವನು ಕೆಳಗೆ ನಿಂತು ಹಗ್ಗದ ತುದಿ ಹಿಡಿದಿರುತ್ತಾನೆ. ಮೇಲಿನವರ ಕೈ ತಪ್ಪಿದರೆ ಅವನು ಜಗ್ಗಿದಾಗ ಸೊಂಟಪಟ್ಟಿಯ ಸಾಧನದಲ್ಲಿ ಹಗ್ಗ ಬಿಗಿದು ಇಳಿಯುವವರು ಅಲ್ಲೇ ನಿಲ್ಲುತ್ತಾರೆ. ಕೊನೆಯವರು ಇಳಿಯುವ ಮುನ್ನ ಕೆಳಗಿನವರು ಹಗ್ಗವನ್ನು ಸ್ವಲ್ಪ ಎಳೆದು ಅದು ಸಲೀಸಾಗಿ ಜರುಗುತ್ತದೆಯೇ ಎಂದು ನೋಡಬೇಕು, ಏಕೆಂದರೆ ಆಮೇಲೆ ಸಿಕ್ಕಿಕೊಂಡರೆ ಬಿಡಿಸಲು ಮೇಲೆ ಯಾರೂ ಇರುವುದಿಲ್ಲ.

ಎಲ್ಲರೂ ಇಳಿದಾದ ಮೇಲೆ ಇಲಕಲ್ಲಿನವನು ಒಂದು ತುದಿಯನ್ನು ಹಿಡಿದು ಎಳೆಯತೊಡಗಿದ. ಇನ್ನೊಂದು ತುದಿ ಮೇಲೇರುತ್ತ ಹೋಗಿ, ಉಂಗುರ ದಾಟಿ, ಸರ್ರನೆ ನಮ್ಮ ಕಾಲಬಳಿ ಬಂದು ಬಿತ್ತು. ಹಿಂದಿರುಗುವ ದಾರಿ ಅಲ್ಲಿಗೆ ಮುಗಿಯಿತು. ನುಣುಪಾದ ಗೋಡೆಯನ್ನು ಹತ್ತಿ ಮರಳುವುದು ನಮ್ಮಂಥವರಿಂದ ಆಗದ ಕೆಲಸ. ಇನ್ನು ಮುಂದೆ ಏನೇ ಇದ್ದರೂ ಅದನ್ನು ಹಾದೇ ಹೊರಬೀಳಬೇಕು. ದಿಣ್ಣೆಯ ಮೇಲೆ ಕಳೆದ ಮುಕ್ಕಾಲು ಗಂಟೆ ವ್ಯರ್ಥವಲ್ಲವೆಂದು ನನಗೆ ಅನಿಸಿದ್ದು ಈ ಕ್ಷಣದಲ್ಲಿ, ಮೋಡ ಕರಗಿದಾಗ ಅಲ್ಲ. ಒಳಗಿನಿಂದ ಕಾಣುವ ಆಕಾಶ ಒಂದು ಗೀರಿನಷ್ಟೇ. ಅದನ್ನು ನೋಡಿ ಯಾರೂ ಏನನ್ನೂ ತೀರ್ಮಾನಿಸಲಾಗದು, ತೀರ್ಮಾನಿಸಿ ಫಲವೂ ಇಲ್ಲ.

ಈ ಗೋಡೆಗಳು ನವಾಹೋ ಮರಳುಗಲ್ಲು. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಮಹಾ ಮರುಭೂಮಿಯ ದಿಬ್ಬಗಳು ಕಲ್ಲಾದವು. ಗಾಳಿ ಹಾಸಿದ ಮರಳಿನ ಪದರಗಳು ಇಂದಿಗೂ ಓರೆ ಗೆರೆಗಳಾಗಿ ಎದ್ದು ಕಾಣುತ್ತವೆ. ಬಂಡೆಯ ನೇರ ಬಿರುಕುಗಳಲ್ಲಿ ಪ್ರವಾಹದ ನೀರು ಮರಳನ್ನು ಹೊತ್ತು ನುಗ್ಗಿ ಉಜ್ಜುತ್ತ ಉಜ್ಜುತ್ತ ಕೊರೆದ ಹಾದಿ ಇದು. ಇಲಕಲ್ಲಿನವನು ಗೋಡೆಯ ಮೇಲೆ ಹೆಬ್ಬೆರಳು ಉಜ್ಜಿ ನಮಗೆ ತೋರಿಸಿದ. ಬೆರಳಿನ ತುಂಬ ಗುಲಾಬಿ ಬಣ್ಣದ ಮರಳು ಅಂಟಿತ್ತು. ಬಾದಾಮಿಯದೂ ಮರಳುಗಲ್ಲೇ ಆದರೂ ಅದು ಇದಕ್ಕಿಂತ ಬಹಳ ಹಳೆಯದು, ಕಣಗಳು ಬೆಸೆದುಕೊಂಡು ಗಟ್ಟಿಯಾದದ್ದು, ಉಗುರಿಗೆ ಬಗ್ಗುವಂಥದ್ದಲ್ಲ. ಇಲ್ಲಿಯಾದರೋ ಜನ ಹಗ್ಗ ಎಳೆದು ಎಳೆದು ಬಂಡೆಯ ಅಂಚಿನಲ್ಲಿ ಬೆರಳು ಹುದುಗುವಷ್ಟು ಆಳದ ತೋಡುಗಳು ಬಿದ್ದಿವೆ, ಹಳೆಯ ಬಾವಿಕಟ್ಟೆಯ ಕಲ್ಲಿನ ಮೇಲೆ ಇರುವಂಥವೇ.

ಎರಡನೆಯ ಇಳಿತದ ಬಳಿ ಉಡುಪಿಯವನು ಸುಮ್ಮನೆ ತಲೆಯೆತ್ತಿದವನು ಅಲ್ಲೇ ನಿಂತುಬಿಟ್ಟ. ನಮ್ಮ ತಲೆಯಿಂದ ಎಷ್ಟೋ ಎತ್ತರದಲ್ಲಿ ಒಂದು ಮರದ ದಿಮ್ಮಿ ಎರಡು ಗೋಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದರ ಮೇಲೆ ಒಣಗಿದ ಪೈನ್ ಎಲೆಗಳು, ಕೆಸರು, ಸಣ್ಣ ಕೊಂಬೆಗಳು ಮೆತ್ತಿಕೊಂಡಿದ್ದವು. ಅದನ್ನು ಅಲ್ಲಿ ಇಟ್ಟದ್ದು ನೀರು. ಯಾರೂ ವಿವರಿಸಬೇಕಾಗಲಿಲ್ಲ.

ಕೊನೆಯ ಇಳಿತದ ಬುಡದಲ್ಲಿ ನೀರು. ಬಿಸಿಲು ಎಂದೂ ತಲುಪದ ಓಣಿಯಾದ್ದರಿಂದ ಮೇಲೆ ಮರುಭೂಮಿ ಎಷ್ಟೇ ಕಾದಿದ್ದರೂ ಇಲ್ಲಿ ನೀರು ಕೊರೆಯುತ್ತಿರುತ್ತದೆ. ವೆಟ್‌ಸೂಟಿನ ಕತ್ತಿನ ಬಳಿಯಿಂದ ಮೊದಲ ಧಾರೆ ಬೆನ್ನಿಗಿಳಿದಾಗ ಉಸಿರು ಸಿಕ್ಕಿಕೊಂಡಿತು. ಕೊಳೆತ ಎಲೆಯ ವಾಸನೆ. ಕಾಲಿಗೆ ನೆಲ ಸಿಗಲಿಲ್ಲ. ಪ್ರತಿ ಪ್ರವಾಹವೂ ತಳದ ಮರಳನ್ನು ತುಂಬುವುದೋ ತೋಡುವುದೋ ಮಾಡುವುದರಿಂದ ಇಲ್ಲಿ ನೀರಿನ ಆಳವನ್ನು ಹಿಂದೆ ಹೋಗಿಬಂದವರ ಮಾತಿನಿಂದ ತಿಳಿಯಲಾಗದು. ಕೈ ಬೀಸಿ ಈಜಲು ಅಗಲವಿಲ್ಲ. ಎರಡೂ ಗೋಡೆಗಳನ್ನು ಅಂಗೈಯಿಂದ ತಳ್ಳಿಕೊಳ್ಳುತ್ತ, ಕಿರಿದಾದಲ್ಲಿ ಪಕ್ಕಕ್ಕೆ ಹೊರಳುತ್ತ, ನಸುಗತ್ತಲಲ್ಲಿ ಮುಂದಿನವರ ಹೆಲ್ಮೆಟ್ಟನ್ನು ಹಿಂಬಾಲಿಸಿದೆ. ಬಹಳ ಹೊತ್ತೇನೂ ಹಿಡಿಯಲಿಲ್ಲ. ಆದರೂ ಹಲ್ಲುಗಳು ಕಟಕಟಿಸುತ್ತಿದ್ದವು. ಹೊರಬಾಗಿಲಿನ ಹತ್ತಿರ ಗೋಡೆಯ ಗುಳಿಯಲ್ಲಿ ಕಲ್ಲಿನದೇ ಬಣ್ಣದ ಒಂದು ಪುಟ್ಟ ಮರಗಪ್ಪೆ ಅಂಟಿಕೊಂಡಿತ್ತು; ನನ್ನ ಮೂಗಿನಿಂದ ಗೇಣು ದೂರದಲ್ಲಿದ್ದರೂ ಅದು ಕದಲಲಿಲ್ಲ, ಅದರ ಗಂಟಲು ಮಾತ್ರ ಆಡುತ್ತಿತ್ತು.

ಹೊರಗೆ ಬಂದರೆ ಹೆದ್ದಾರಿಯ ವಾಹನಗಳ ಸದ್ದು. ಕಾರಿನ ಬಳಿ ಒದ್ದೆ ಬಟ್ಟೆ ಬದಲಿಸುತ್ತಿರುವಾಗ ಮೋಡದ ವಾದ ಮತ್ತೆ ಶುರುವಾಯಿತು. ಮಳೆ ಬರಲಿಲ್ಲವಾದ್ದರಿಂದ ತಾನೇ ಗೆದ್ದೆನೆಂದು ಉಡುಪಿಯವನು ಹೇಳಿದ. ಬಂದಿದ್ದರೆ ಈ ಮಾತಾಡಲು ಯಾರಿರುತ್ತಿದ್ದರು ಎಂದು ಮೈಸೂರಿನವರು ಕೇಳಿದರು. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಅಲ್ಲಿ ಗುಡುಗು ಮಳೆಯ ಕಾಲದಲ್ಲಿ, ಯಾವ ಸೀಳುಕಣಿವೆಗೂ ತಾವು ಬರುವುದಿಲ್ಲವೆಂದೂ ಅವರು ಸೇರಿಸಿದರು. ಆ ಮಾತಿಗೆ ನಾನೂ ದನಿಗೂಡಿಸಿದೆ. ಅಷ್ಟರಲ್ಲಿ ಇಲಕಲ್ಲಿನವನು ಹಗ್ಗವನ್ನು ಮೊಳ ಮೊಳವಾಗಿ ಬೆರಳ ನಡುವೆ ಜರುಗಿಸಿ ಪರೀಕ್ಷಿಸುತ್ತಿದ್ದ. ಒಂದು ಕಡೆ ಮೇಲುಹೊದಿಕೆಯ ಎಳೆಗಳು ಎದ್ದಿದ್ದವು. ಅಲ್ಲಿಂದ ತುದಿಯವರೆಗಿನ ತುಂಡನ್ನು ಚಾಕುವಿನಿಂದ ಕತ್ತರಿಸಿ, ಹೊಸ ತುದಿಯನ್ನು ಲೈಟರಿನಿಂದ ಸುಟ್ಟು ಬೆಸೆದು, ಉಳಿದ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿದ.