ಹೌದು, ಅವನು ಬೇರೆಯವರ ಹಾಡನ್ನೇ ಹಾಕುತ್ತಿದ್ದ

ಅಮೆರಿಕದ ಡಿಜೆ ಫ್ರಾಂಕಿ ನಕಲ್ಸ್ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ: "ಡಿಜೆ ಎಂದರೆ ಬೇರೆಯವರ ಹಾಡು ಹಾಕುವವನು ತಾನೆ? ಅದರಲ್ಲಿ ಅವನ ಸಾಧನೆ ಏನು?" ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಕೇಳುವ ಪ್ರಶ್ನೆ ಇದು. ಎಷ್ಟೆಂದು ಬಾಯಲ್ಲಿ ಹೇಳುವುದು? ಬರೆದುಬಿಡುತ್ತೇನೆ.

ಪ್ರಶಸ್ತಿ ತೋರಿಸಿದರೆ ಮಾತ್ರ ಒಪ್ಪುವವರಿಗೆ: ರೀಮಿಕ್ಸ್ ಮಾಡುವವರಿಗೆಂದು, ಅಂದರೆ ಇದ್ದ ಹಾಡನ್ನೇ ಹೊಸದಾಗಿ ಕಟ್ಟುವವರಿಗೆಂದು, ಗ್ರ್ಯಾಮಿಯವರು 1998ರಲ್ಲಿ ಮೊದಲ ಬಾರಿಗೆ ಕೊಟ್ಟ ಪ್ರಶಸ್ತಿ ಅವನದು. ಶಿಕಾಗೋದಲ್ಲಿ ಅವನ ಹೆಸರಿನ ಬೀದಿಯೂ ಇದೆ. ಇಷ್ಟು ಸಾಕೆನ್ನುವವರು ಇಲ್ಲಿಂದಲೇ ಹೊರಡಬಹುದು.

ಒಮ್ಮೆ ಸಂಬಂಧಿಕರ ಮದುವೆಯ ಆರತಕ್ಷತೆಯಲ್ಲಿ ನಮ್ಮ ಚಿಕ್ಕಪ್ಪ ಇದೇ ಮಾತು ತೆಗೆದರು. ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಿಂತಿದ್ದ ಹುಡುಗನತ್ತ ಕೈ ತೋರಿಸಿ, "ಅಲ್ಲಪ್ಪಾ, ಅವನೂ ಡಿಜೆ, ನಿನ್ನ ಆ ಅಮೆರಿಕದವನೂ ಡಿಜೆ. ಇವನ ಮೇಲೂ ಒಂದು ಲೇಖನ ಬರೆ" ಎಂದರು. ಸುತ್ತಲಿದ್ದವರು ನಕ್ಕರು. ಅಷ್ಟರಲ್ಲಿ ಆ ಹುಡುಗ ಯಾರೂ ಕುಣಿಯದ ಹಿಂದಿ ಹಾಡನ್ನು ಅರ್ಧಕ್ಕೇ ಇಳಿಸಿ, ರಾಜ್‌ಕುಮಾರ್ ಹಾಡೊಂದನ್ನು ಎಳ್ಳಷ್ಟೂ ತಡವರಿಸದೆ ಸೇರಿಸಿದ. ಗೋಡೆಗೊರಗಿ ಕೂತಿದ್ದ ಅತ್ತೆಯರೆಲ್ಲ ಎದ್ದರು. ಚಿಕ್ಕಪ್ಪನವರೂ ಎದ್ದರು! ತಾವು ಎದ್ದದ್ದು ಯಾರ ಕೈಚಳಕದಿಂದ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನಾನೂ ಹೇಳಲಿಲ್ಲ, ಊಟಕ್ಕೆ ಕರೆಯುತ್ತಿದ್ದರು.

ನಕಲ್ಸ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1955ರಲ್ಲಿ. ಶಿಕಾಗೋದ ಸೌತ್ ಜೆಫರ್ಸನ್ ಬೀದಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರು ನಡೆಸಲಿದ್ದ ವೇರ್‌ಹೌಸ್ ಕ್ಲಬ್ಬಿಗೆ ಮೊದಲು ಕರೆ ಬಂದದ್ದು ಅವನ ಗೆಳೆಯ, ತಾನೂ ಡಿಜೆಯಾಗಿದ್ದ ಲ್ಯಾರಿ ಲೆವಾನ್‌ಗೆ. ಆತ ಒಲ್ಲೆನೆಂದ. 1977ರಲ್ಲಿ ನಕಲ್ಸ್ ಹೊರಟ.

ಎರಡೇ ವರ್ಷಕ್ಕೆ ಡಿಸ್ಕೊ ಸಂಗೀತಕ್ಕೆ ಗ್ರಹಚಾರ ಕೆಟ್ಟಿತು. 1979ರ ಜುಲೈ 12ರಂದು ಅದೇ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಕಂಡರಾಗದವರು ಪೆಟ್ಟಿಗೆಗಟ್ಟಲೆ ಡಿಸ್ಕೊ ರೆಕಾರ್ಡುಗಳನ್ನು ಸಿಡಿಮದ್ದು ಇಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ, ಅಂದಿನ ಎರಡನೆಯ ಪಂದ್ಯವೇ ನಿಂತಿತು. ಆಮೇಲೆ ಕುಣಿಸುವಂಥ ಹೊಸ ರೆಕಾರ್ಡುಗಳು ಬರುವುದೇ ಕಡಿಮೆಯಾಯಿತು. ಶನಿವಾರ ರಾತ್ರಿ ಮಾತ್ರ ತಪ್ಪದೆ ಬರುತ್ತಿತ್ತು.

ಆಗ ಅವನು ಹಳೆಯ ಹಾಡುಗಳನ್ನು ಸ್ಪೂಲ್ ಟೇಪಿಗೆ ಇಳಿಸಿಕೊಂಡು ಕತ್ತರಿಸತೊಡಗಿದ. ಗಾಯಕಿ ಬಾಯಿ ಮುಚ್ಚಿ, ಬರಿಯ ಡ್ರಮ್ಮು ಮತ್ತು ಬೇಸ್ ಉಳಿಯುವ ಕೆಲವು ಕ್ಷಣಗಳು ಇರುತ್ತವಲ್ಲ, ಅದನ್ನೇ ಮತ್ತೆ ಮತ್ತೆ ನಕಲು ಮಾಡಿ, ಬ್ಲೇಡಿನಿಂದ ಟೇಪು ಕೊಯ್ದು, ತುದಿಗೆ ತುದಿ ಅಂಟಿಸುವುದು. ಕೂದಲೆಳೆಯಷ್ಟು ಆಚೀಚೆಯಾದರೂ ತಾಳ ಕುಂಟುತ್ತದೆ, ನೂರಾರು ಕಾಲುಗಳು ಒಟ್ಟಿಗೆ ಎಡವುತ್ತವೆ. ವೇರ್‌ಹೌಸ್‌ನಲ್ಲಿ ಕೇಳಿದ ಹಾಡು ಬೇಕೆಂದು ಜನ ಅಂಗಡಿಗೆ ಹೋದರೆ ಮೂಲ ರೆಕಾರ್ಡು ಸಿಗಬಹುದಿತ್ತು. ಅವರು ಕುಣಿದ ಹಾಡು ಇದ್ದದ್ದು ಅವನ ಟೇಪಿನಲ್ಲಿ. ಕೆಲವೊಮ್ಮೆ ದೀಪಗಳನ್ನೆಲ್ಲ ಆರಿಸಿ, ಕತ್ತಲಲ್ಲಿ ರೈಲು ಧಾವಿಸಿ ಬರುವ ಸದ್ದನ್ನು ಹಾಕುತ್ತಿದ್ದನಂತೆ. ಅದೂ ಬೇರೆಯವರ ಸ್ವತ್ತೇ, ರೈಲ್ವೆಯವರದು. ಬರೆದಿಟ್ಟುಕೊಳ್ಳಿ.

ಆಮೇಲೆ ಡೆಟ್ರಾಯ್ಟ್‌ನಲ್ಲಿ ಟೆಕ್ನೋ ಎಂಬ ಯಂತ್ರದ ಕುಣಿತ ಸಂಗೀತ ಕಟ್ಟಿದ ಮೂವರಲ್ಲಿ ಒಬ್ಬನಾದ ಡೆರಿಕ್ ಮೇ ಅವನಿಗೆ ರೋಲ್ಯಾಂಡ್ 909 ಡ್ರಮ್ ಯಂತ್ರವನ್ನು ಮಾರಿದ. ಹಳೆಯ ಹಾಡಿನ ಅಡಿಗೆ ಯಂತ್ರದ ಪೆಟ್ಟು ಬಿತ್ತು. ಹೌಸ್ ಎಂದು ಲೋಕವೆಲ್ಲ ಕರೆದ ಸಂಗೀತಕ್ಕೆ ಮೈ ಬಂದದ್ದು ಹೀಗೆ.

ಇಷ್ಟು ಹೇಳಿದರೂ ಯಾರೊಬ್ಬರೂ "ಅಲ್ಲಿ ಕುಣಿಯುತ್ತಿದ್ದವರು ಯಾರು?" ಎಂದು ಕೇಳಿದ್ದಿಲ್ಲ. ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ ಯುವಕರು, ನಕಲ್ಸ್‌ನಂತೆಯೇ. ಬೇರೆಡೆ ಮೈ ಹಿಡಿಮಾಡಿಕೊಂಡು ಓಡಾಡಬೇಕಾದವರು. ವೇರ್‌ಹೌಸ್‌ನಲ್ಲಿ ಹೆಂಡ ಮಾರುತ್ತಿರಲಿಲ್ಲ, ಹಣ್ಣಿನ ರಸ ಕೊಡುತ್ತಿದ್ದರು. ಅಷ್ಟರಲ್ಲೇ ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಬೆಳಕು ಹರಿದ ಮೇಲೂ ನಡೆಯುತ್ತಿತ್ತು. ಯಾರು ದಣಿದಿದ್ದಾರೆ, ಯಾರು ಈಗಷ್ಟೇ ಬಂದಿದ್ದಾರೆ, ಯಾವಾಗ ಇಳಿಸಬೇಕು, ಯಾವಾಗ ಏರಿಸಬೇಕು ಎಂದು ಅಷ್ಟು ಹೊತ್ತೂ ನೋಡುತ್ತಿದ್ದವನು ಒಬ್ಬನೇ.

1982ರಲ್ಲಿ ಅವನು ವೇರ್‌ಹೌಸ್ ಬಿಟ್ಟು ಪವರ್ ಪ್ಲಾಂಟ್ ಎಂಬ ತನ್ನದೇ ಕ್ಲಬ್ ತೆರೆಯಲು ಹೊರಟ. ಕುಣಿಯುವವರೂ ಬೆನ್ನಿಗೇ ಹೊರಟರು. ಹಾಡು ಹಾಕುವವರಿಗೇನು ಬರವೇ? ವಿಲಿಯಮ್ಸ್ ಅವರು ಮ್ಯೂಸಿಕ್ ಬಾಕ್ಸ್ ಎಂಬ ಬೇರೆ ಕ್ಲಬ್ ತೆರೆದು ರಾನ್ ಹಾರ್ಡಿ ಎಂಬ ಡಿಜೆಯನ್ನು ಕರೆತಂದರು. ಅವನ ಬಗ್ಗೆಯೂ ಬರೆಯುವುದಿದೆ. ದಯವಿಟ್ಟು ಅದೇ ಪ್ರಶ್ನೆ ಹಿಡಿದುಕೊಂಡು ಬರಬೇಡಿ.