ಬ್ಲಾಂಕ್‌ನಲ್ಲಿ ಬಂದ ಪೀಕ್ ಮತ್ತು ನೀರಿನ ಕ್ಯಾನ್

ದಾವಣಗೆರೆಯ ಹೊರವಲಯದ ಪ್ರಯೋಗಾಲಯವೊಂದರಲ್ಲಿ ಔಷಧಗಳ ಮಾದರಿ ಪರೀಕ್ಷಿಸುವ ಕೆಲಸದಲ್ಲಿರುವ ನಾನು, ಒಂದು ಬೇಸಿಗೆಯಲ್ಲಿ ಮೂರು ದಿನ ಒಂದೇ ಪೀಕ್‌ನ (ಯಂತ್ರದ ನಕ್ಷೆಯಲ್ಲಿ ಯಾವುದೋ ವಸ್ತುವಿನ ಇರುವಿಕೆ ತೋರಿಸುವ ಏರು) ಬೆನ್ನು ಹತ್ತಿದ್ದೆ. ಮಾದರಿಯಲ್ಲಿನ ವಸ್ತುಗಳನ್ನು ಕಾಲಂ ಎಂಬ ಕೊಳವೆಯ ಮೂಲಕ ಹರಿಸಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ, ನೀರಿನ ಜೊತೆ ಹರಿಯುವ ಅಸಿಟೋನೈಟ್ರೈಲ್ ಎಂಬ ದ್ರಾವಕದ ಪಾಲು ಹಂತಹಂತವಾಗಿ (ಇದೇ ಗ್ರೇಡಿಯಂಟ್) ಶೇ. 5ರಿಂದ 80ಕ್ಕೆ ಏರುವಾಗ 215 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ನಕ್ಷೆಯ ತಳಗೆರೆ, ಅಂದರೆ ಬೇಸ್‌ಲೈನ್, ಮೆಲ್ಲಗೆ ಮೇಲೇರುತ್ತಿತ್ತು. ಅದರ ಮೇಲೆ, ಏನನ್ನೂ ಇಂಜೆಕ್ಟ್ ಮಾಡದ ಬ್ಲಾಂಕ್‌ನಲ್ಲೂ 18ನೇ ನಿಮಿಷಕ್ಕೆ ಪೀಕ್ ಬರುತ್ತಿತ್ತು.

ಬೇಸ್‌ಲೈನ್‌ನ ಏರಿಕೆ ಬೇಗ ಬಗೆಹರಿಯಿತು. ನೀರು, ಅಸಿಟೋನೈಟ್ರೈಲ್ ಎರಡೂ ಬಾಟಲಿಗಳಲ್ಲಿ ಶೇ. 0.1ರಷ್ಟಿದ್ದ ಟ್ರೈಫ್ಲೋರೋಅಸಿಟಿಕ್ ಆಮ್ಲವನ್ನು ಅಸಿಟೋನೈಟ್ರೈಲ್ ಬಾಟಲಿಯಲ್ಲಿ ಮಾತ್ರ ಶೇ. 0.085ಕ್ಕೆ ಇಳಿಸಿದಾಗ ಗೆರೆ ಬಹುಮಟ್ಟಿಗೆ ಸಮವಾಯಿತು.

ಪೀಕ್ ಮಾತ್ರ ಜಗ್ಗಲಿಲ್ಲ. ಅವಸರದಲ್ಲಿ ನಾನು ಹೊಸ ಕಾಲಂ ಹಾಕಿದೆ. ಪೀಕ್ ಇದ್ದಲ್ಲಿಯೇ ಇತ್ತು. ಆಗ ನಮ್ಮ ಹಿರಿಯ ಮೇಡಂ, "ಎರಡು ರನ್‌ಗಳ ನಡುವೆ ಎಷ್ಟು ಹೊತ್ತು ಬಿಡುತ್ತೀರಿ? ಆ ಹೊತ್ತನ್ನು ಹೆಚ್ಚಿಸಿ ನೋಡಿ" ಎಂದರು. ಹತ್ತು ನಿಮಿಷವನ್ನು ಇಪ್ಪತ್ತಕ್ಕೆ, ಬಳಿಕ ಮೂವತ್ತಕ್ಕೆ ಏರಿಸಿದಂತೆ ಪೀಕ್‌ನ ವಿಸ್ತೀರ್ಣವೂ ಏರಿತು. ನಿಮಿಷಕ್ಕೆ 1 ಮಿಲಿಲೀಟರ್ ಹರಿವಿನಲ್ಲಿ ಮೂವತ್ತು ನಿಮಿಷವೆಂದರೆ ಬಹುಪಾಲು ನೀರೇ ಇರುವ 30 ಮಿಲಿಲೀಟರ್ ದ್ರಾವಣ ಕಾಲಂ ಮೂಲಕ ಸಾಗುತ್ತದೆ, ಅದರಲ್ಲಿರುವ ಎಣ್ಣೆಯಂಶದಂಥ ಕಲ್ಮಶ, ಅಂಥವನ್ನು ಹಿಡಿದಿಡುವ ಸಿ18 ಎಂಬ ಬಗೆಯ ಕಾಲಂನ ಆರಂಭದ ತುದಿಯಲ್ಲಿ ಸಂಗ್ರಹವಾಗುತ್ತದೆ, ಅಸಿಟೋನೈಟ್ರೈಲ್ ಏರಿದಾಗ ಒಟ್ಟಾಗಿ ಕಳಚಿ ಬರುತ್ತದೆ. ಕಲ್ಮಶ ಮಾದರಿಯನ್ನು ಒಳಬಿಡುವ ಇಂಜೆಕ್ಟರ್‌ನದಾಗಿದ್ದರೆ ಕಾಯುವ ಸಮಯಕ್ಕೆ ಅದು ಹೀಗೆ ಸ್ಪಂದಿಸುತ್ತಿರಲಿಲ್ಲ.

ನೀರನ್ನು ಅನುಮಾನಿಸಲು ನಮಗೆ ಮನಸ್ಸು ಬಂದಿರಲಿಲ್ಲ, ಏಕೆಂದರೆ ಇಲ್ಲಿನ ಬೋರ್‌ವೆಲ್ ನೀರಿನ ಗಡಸುತನ, ಫ್ಲೋರೈಡ್ ಗೊತ್ತಿದ್ದೇ ಶುದ್ಧೀಕರಣ ಯಂತ್ರವನ್ನು ಜೋಪಾನ ಮಾಡುತ್ತಿದ್ದೆವು, ಅದರ ಪರದೆ ಪ್ರತಿದಿನ 18.2 ಮೆಗಾಓಮ್-ಸೆಂಟಿಮೀಟರ್ (ಅತಿ ಶುದ್ಧ ನೀರಿನ ವಿದ್ಯುತ್ ರೋಧದ ಅಂಕಿ) ತೋರಿಸುತ್ತಿತ್ತು. ಆದರೆ ಆ ಅಂಕಿ ಅಯಾನುಗಳ ಮಟ್ಟವನ್ನು ಹೇಳುತ್ತದೆಯೇ ಹೊರತು ವಿದ್ಯುದಾವೇಶವಿಲ್ಲದ ಸಾವಯವ ಕಲ್ಮಶದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೂರು ಬಾಟಲಿ ತಯಾರಿಸಿದೆವು: ಕೊಂಡು ತಂದ ಎಚ್‌ಪಿಎಲ್‌ಸಿ ದರ್ಜೆಯ ನೀರು, ಯಂತ್ರದಿಂದ ಆಗಷ್ಟೇ ಗಾಜಿನ ಬಾಟಲಿಗೆ ಹಿಡಿದ ನೀರು, ಹಿಂದಿನ ಸಂಜೆ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ತುಂಬಿಟ್ಟ ನೀರು. ಪೀಕ್ ಬಂದದ್ದು ಮೂರನೆಯದರಲ್ಲಿ ಮಾತ್ರ. ಬೆಳಿಗ್ಗೆ ಸಮಯ ಉಳಿಯಲೆಂದು ಆ ಕ್ಯಾನ್ ತುಂಬಿಡುತ್ತಿದ್ದುದು ನಾನೇ. ಹಳೆಯ ನೀರು ಚೆಲ್ಲದೆ ಅದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದೆ.

ಈಗ ನೀರನ್ನು ಆಯಾ ದಿನವೇ ಗಾಜಿನ ಬಾಟಲಿಗೆ ಹಿಡಿದು ದಿನಾಂಕದ ಚೀಟಿ ಅಂಟಿಸುತ್ತೇವೆ, ಉಳಿದದ್ದನ್ನು ಸಂಜೆ ಚೆಲ್ಲುತ್ತೇವೆ. ಮಾದರಿಗಳ ಸರದಿಗೆ ಮುನ್ನ ಕಾಯುವ ಸಮಯ ಬೇರೆ ಬೇರೆಯಿರುವ ಎರಡು ಬ್ಲಾಂಕ್ ರನ್‌ಗಳನ್ನು ತಪ್ಪದೆ ಹಾಕುತ್ತೇವೆ.